ಸಾಲಾಗಿ ಬರೆದ ವಸ್ತುವಿನ ಪುನಃಸ್ಥಾಪನೆ: ಮೊಳಕಾಲ್ಮೂರು–ಚಳ್ಳಕೆರೆ ಸೀಮೆಯ ಕೆಲವು ನಿದರ್ಶನಗಳು

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಎಡೆಗಳಲ್ಲಿ ಅಶೋಕನ ಶಿಲಾಶಾಸನಗಳಿರುವುದು ಇತಿಹಾಸದ ವಿದ್ಯಾರ್ಥಿಗಳಿಗೆಲ್ಲ ತಿಳಿದ ಸಂಗತಿಯೇ. 1892ರಲ್ಲಿ ಬಿ. ಎಲ್. ರೈಸ್ ಅವರು ಇವುಗಳನ್ನು ಬೆಳಕಿಗೆ ತಂದಂದಿನಿಂದ ಅಶೋಕನ ಧರ್ಮದ ಸ್ವರೂಪ, ಮೌರ್ಯ ಸಾಮ್ರಾಜ್ಯದ ದಕ್ಷಿಣದ ಎಲ್ಲೆ, ಇಸಿಲ ಪಟ್ಟಣದ ನೆಲೆ ಮುಂತಾದ ವಿಷಯಗಳನ್ನು ಕುರಿತು ವಿದ್ವಾಂಸರು ಬಹಳವಾಗಿ ಬರೆದಿದ್ದಾರೆ. ನಾವು ಇಲ್ಲಿ ಕೈಗೆತ್ತಿಕೊಂಡಿರುವ ಪ್ರಶ್ನೆ ಬೇರೆಯದು. ಒಂದೆಡೆ ಹುಟ್ಟಿದ ಆಜ್ಞೆಯು ಅಕ್ಷರಗಳ ಸಾಲಾಗಿ ಮಾರ್ಪಟ್ಟು, ದೂರದ ಬಂಡೆಯ ಮೇಲೆ ಉಳಿದು, ಎರಡು ಸಾವಿರ ವರ್ಷಗಳಿಗೂ ಮಿಕ್ಕಿದ ಕಾಲ ಕಳೆದ ಮೇಲೆ ಮತ್ತೆ ಅರ್ಥವಾಗಿ ಎದ್ದು ನಿಲ್ಲಬೇಕಾದರೆ, ಆ ಸಾಲಿನ ಜೊತೆಗೆ ಇನ್ನೇನೇನು ಉಳಿದಿರಬೇಕು? ಇದೇ ಪ್ರಶ್ನೆಯನ್ನು ನಮ್ಮ ಕಾಲದ ಗಣಕಶಾಸ್ತ್ರವೂ ಎದುರಿಸಿದೆ. ವಸ್ತುನಿಷ್ಠ ಕ್ರಮಲೇಖನದಲ್ಲಿ, ಎಂದರೆ ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ ಎಂಬ ಪದ್ಧತಿಯಲ್ಲಿ, ಸಾಲುಗಟ್ಟಿ ದತ್ತಸಂಚಯದಲ್ಲಿ ಇಟ್ಟ ವಸ್ತುವನ್ನು ಮರಳಿ ಎಬ್ಬಿಸುವ ಕಾರ್ಯ ಅದು. ಈ ಎರಡನ್ನೂ ಒಟ್ಟಿಗಿಟ್ಟು ನೋಡುವುದರಿಂದ, ನಮ್ಮ ತಾಲ್ಲೂಕು ಕಚೇರಿಗಳ ಕಡತಗಳು ಗಣಕಕ್ಕೆ ಏರಿರುವ ಈ ಕಾಲದಲ್ಲಿ, ಇತಿಹಾಸದ ಅಧ್ಯಾಪಕರಿಗೆ ಪ್ರಯೋಜನವುಂಟೆಂದು ನಮ್ಮ ಎಣಿಕೆ.

ಮೊದಲು ಗಣಕದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಚಳ್ಳಕೆರೆ ತಾಲ್ಲೂಕಿನ ಒಂದು ಹಿಡುವಳಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದಕ್ಕೆ ಸರ್ವೆ ನಂಬರು ಉಂಟು, ಎಕರೆ-ಗುಂಟೆಗಳ ವಿಸ್ತೀರ್ಣ ಉಂಟು, ಖಾತೆದಾರನುಂಟು, ಋಣಭಾರಗಳುಂಟು, ಮ್ಯುಟೇಶನ್‌ಗಳ ಪರಂಪರೆಯುಂಟು. ಕ್ರಮಲೇಖಕನು ಇವೆಲ್ಲವನ್ನೂ ಒಟ್ಟುಗೂಡಿಸಿ ಒಂದು 'ವಸ್ತು'ವನ್ನಾಗಿ ಕಲ್ಪಿಸುತ್ತಾನೆ. ಅಂಥ ವಸ್ತುಗಳಿಗೆಲ್ಲ ಅನ್ವಯಿಸುವ ಲಕ್ಷಣವಿವರಣೆಯೇ 'ವರ್ಗ', ಎಂದರೆ ಕ್ಲಾಸ್. ಯಾವ ಯಾವ ಅಂಶಗಳಿರಬೇಕು, ಒಂದೊಂದರ ಜಾತಿ ಯಾವುದು, ಆ ವಸ್ತುವು ಏನೇನು ಮಾಡಬಲ್ಲುದು, ಉದಾಹರಣೆಗೆ ತನ್ನನ್ನು ಎರಡು ಪಾಲಾಗಿ ವಿಭಾಗಿಸಿಕೊಳ್ಳುವುದು ಹೇಗೆ, ಎಂಬುದೆಲ್ಲ ವರ್ಗದಲ್ಲಿ ಅಡಗಿರುತ್ತದೆ. ಗಣಕದ ಸ್ಮೃತಿಯಲ್ಲಿ ಈ ವಸ್ತುಗಳು ಒಂದನ್ನೊಂದು ಬೆರಳಿಟ್ಟು ತೋರಿಸುತ್ತ ಬಲೆಯಂತೆ ಹೆಣೆದುಕೊಂಡಿರುತ್ತವೆ. ಹಿಡುವಳಿಯು ಖಾತೆದಾರನನ್ನು ತೋರಿಸುತ್ತದೆ. ಖಾತೆದಾರನು ತನ್ನ ಬೇರೆ ಹಿಡುವಳಿಗಳನ್ನು ತೋರಿಸುತ್ತಾನೆ. ವಿದ್ಯುತ್ತು ನಿಂತೊಡನೆ ಈ ಬಲೆಯೆಲ್ಲ ಅಳಿಯುವುದು. ಆದಕಾರಣ ಅದನ್ನು ಬೈಟುಗಳ ಒಂದೇ ಸಾಲಾಗಿ ಬಿಚ್ಚಿ ಬರೆದು ಶಾಶ್ವತ ಸಂಗ್ರಹದಲ್ಲಿ ಇಡಬೇಕಾಗುತ್ತದೆ. ಇದನ್ನೇ ಸೀರಿಯಲೈಸೇಶನ್ ಎನ್ನುತ್ತಾರೆ. ನಾವು ಸಾಲುಗಟ್ಟುವಿಕೆ ಎಂದು ಕರೆಯೋಣ. ಆ ಸಾಲನ್ನು ಓದಿ ಮೊದಲಿನ ಬಲೆಯನ್ನು ಮತ್ತೆ ಹೆಣೆಯುವುದು ಪುನಃಸ್ಥಾಪನೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸತಕ್ಕದ್ದು. ಸಂಗ್ರಹದಲ್ಲಿ ಉಳಿಯುವುದು ಸಾಲು ಮಾತ್ರ, ವಸ್ತುವಲ್ಲ. ಸಾಲಿನಲ್ಲಿ ಬೆಲೆಗಳಿರುತ್ತವೆ, ಆ ಬೆಲೆಗಳಿಗೆ ಅರ್ಥ ಕೊಡುವ ವರ್ಗವು ಬೇರೆ ಕಡೆ ಇರುತ್ತದೆ. ವರ್ಗವಿಲ್ಲದ ಸಾಲು ಓದುಬಾರದ ಶಾಸನದಂತೆ.

ಈ ಪದ್ಧತಿಯ ಇತಿಹಾಸ ಅಷ್ಟೇನೂ ದೀರ್ಘವಲ್ಲ. ವರ್ಗ ಮತ್ತು ವಸ್ತುಗಳ ಕಲ್ಪನೆಯು ಓಸ್ಲೋ ನಗರದ ನಾರ್ವೇಜಿಯನ್ ಗಣನ ಕೇಂದ್ರದಲ್ಲಿ ಓಲೆ-ಯೋಹಾನ್ ದಾಲ್ ಮತ್ತು ಕ್ರಿಸ್ಟನ್ ನ್ಯೂಗೋರ್ ಅವರು ರಚಿಸಿದ ಸಿಮುಲಾ 67 ಎಂಬ ಭಾಷೆಯಲ್ಲಿ ಮೂಡಿತು. 1970ರ ದಶಕದಲ್ಲಿ ಅಮೆರಿಕದ ಝೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೋ ಸಂಶೋಧನಾಲಯದಲ್ಲಿ ಅಲನ್ ಕೇ ಮತ್ತು ಅವರ ಸಹೋದ್ಯೋಗಿಗಳು ಸ್ಮಾಲ್‌ಟಾಕ್ ಭಾಷೆಯನ್ನು ಕಟ್ಟಿದರು. ಅವರು ಪುನಃಸ್ಥಾಪನೆಯ ಪ್ರಶ್ನೆಯನ್ನು ಬಲು ಸರಳವಾಗಿ ಬಗೆಹರಿಸಿಕೊಂಡರು: ವಸ್ತುಗಳನ್ನೂ ವರ್ಗಗಳನ್ನೂ ಬೇರ್ಪಡಿಸದೆ ಇಡೀ ಸ್ಮೃತಿಯನ್ನೇ ಒಂದು ಕಡತವಾಗಿ ಉಳಿಸಿಬಿಡುವುದು. ಮರುದಿನ ಆ ಕಡತವನ್ನು ತೆರೆದರೆ ಹಿಂದಿನ ಸಂಜೆ ಬಿಟ್ಟ ಲೋಕವೇ ಹಾಗೆಯೇ ಎದುರಾಗುವುದು. ಒಬ್ಬನ ಮೇಜಿಗೆ ಇದು ಚೆನ್ನ. ಸಾವಿರಾರು ಜನ ಹಂಚಿಕೊಳ್ಳಬೇಕಾದ ದಾಖಲೆಗಳಿಗೆ ಸಾಲದು. ಹಂಚಿಕೊಳ್ಳುವ ದಾಖಲೆಗಳ ದಾರಿಯನ್ನು 1970ರಲ್ಲಿ ಐಬಿಎಂ ಸಂಸ್ಥೆಯ ಇ. ಎಫ್. ಕಾಡ್ ಅವರು ತೋರಿಸಿದ್ದರು. ಎಲ್ಲವನ್ನೂ ಅಡ್ಡಸಾಲು, ಕಂಬಸಾಲುಗಳುಳ್ಳ ಕೋಷ್ಟಕಗಳಾಗಿ ಇಡುವುದು ಅವರ ಮತ. ಹೆಣೆದ ಬಲೆಗೂ ಚೌಕಾಕಾರದ ಕೋಷ್ಟಕಕ್ಕೂ ಹೊಂದಿಕೆ ಬಾರದೆಂಬುದು ಬೇಗನೆ ಅನುಭವಕ್ಕೆ ಬಂದಿತು. 1982ರಲ್ಲಿ ಮಾರಿಸ್ ಹರ್ಲಿಹಿ ಮತ್ತು ಬಾರ್ಬರಾ ಲಿಸ್ಕೋವ್ ಅವರು ವಸ್ತುವಿನ ಬೆಲೆಯನ್ನು ಒಂದು ಗಣಕದಿಂದ ಇನ್ನೊಂದಕ್ಕೆ ಸಾಗಿಸುವ ಕ್ರಮವನ್ನು ಶಾಸ್ತ್ರೀಯವಾಗಿ ವಿವರಿಸಿದರು. ಅದೇ ದಶಕದಲ್ಲಿ ಸ್ಕಾಟ್ಲೆಂಡಿನಲ್ಲಿ ಮಾಲ್ಕಮ್ ಅಟ್ಕಿನ್‌ಸನ್ ಮೊದಲಾದವರು ಪಿಎಸ್-ಅಲ್ಗಾಲ್ ಎಂಬ ಭಾಷೆಯ ಮೂಲಕ ವಸ್ತುಗಳು ತಾವಾಗಿಯೇ ಉಳಿಯುವಂತೆ ಮಾಡಲು ಯತ್ನಿಸಿದರು. 1997ರಲ್ಲಿ ಜಾವಾ ಭಾಷೆಯ 1.1ನೆಯ ಆವೃತ್ತಿಯು ಸಾಲುಗಟ್ಟುವ ಸೌಕರ್ಯವನ್ನು ಭಾಷೆಯೊಳಗೇ ಸೇರಿಸಿತು. ಅಂದಿನಿಂದ ಇದು ಸಾಮಾನ್ಯ ಕ್ರಮಲೇಖಕನ ಕೈಗೆ ನಿಲುಕುವ ಉಪಕರಣವಾಯಿತು.

ದತ್ತಸಂಚಯದಲ್ಲಿ ವಸ್ತುವನ್ನು ಇಡುವ ದಾರಿ ಎರಡು. ಸಾಲುಗಟ್ಟಿದ ವಸ್ತುವನ್ನು ಇಡಿಯಾಗಿ ಒಂದೇ ಅಂಕಣದಲ್ಲಿ ಗಂಟು ಕಟ್ಟಿ ಇಡುವುದು ಒಂದು. ಅಂಥ ಅಂಕಣಕ್ಕೆ ಬ್ಲಾಬ್ ಎಂದು ಹೆಸರು. ವಸ್ತುವನ್ನು ಬಿಡಿಬಿಡಿಯಾಗಿ ಒಡೆದು ಹಲವು ಕೋಷ್ಟಕಗಳಲ್ಲಿ ಹಂಚಿ, ಬೇಕಾದಾಗ ಜೋಡಿಸುವುದು ಇನ್ನೊಂದು. ಮೊದಲನೆಯದು ಸುಲಭ. ಆದರೆ ಗಂಟಿನೊಳಗೆ ಏನಿದೆಯೆಂಬುದು ದತ್ತಸಂಚಯಕ್ಕೆ ತಿಳಿಯದು. 'ಈ ಗ್ರಾಮದಲ್ಲಿ ಐದು ಎಕರೆಗೆ ಮೀರಿದ ಹಿಡುವಳಿಗಳೆಷ್ಟು?' ಎಂದು ಕೇಳಿದರೆ ಎಲ್ಲ ಗಂಟುಗಳನ್ನೂ ಬಿಚ್ಚಬೇಕು. ಎರಡನೆಯದರಲ್ಲಿ ಪ್ರಶ್ನೆಗೆ ಉತ್ತರ ಸುಲಭ. ವಸ್ತುವನ್ನು ಇಡಿಯಾಗಿ ಎಬ್ಬಿಸುವುದು ಪ್ರಯಾಸದ ಕೆಲಸ. ಕರ್ನಾಟಕದ 'ಭೂಮಿ' ಯೋಜನೆಯು ಈ ಶತಮಾನದ ಮೊದಲ ವರ್ಷಗಳಲ್ಲಿ ಸುಮಾರು 67 ಲಕ್ಷ ಭೂಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತಷ್ಟೆ. ಅಲ್ಲಿ ಎರಡು ದಾರಿಗಳ ಛಾಯೆಯೂ ಕಾಣುತ್ತದೆ. ಪಹಣಿಯ ಅಂಕಣಗಳು ಕೋಷ್ಟಕಗಳಾದುವು; ಮ್ಯುಟೇಶನ್ ಆದೇಶದ ಕಾಗದಗಳು ಛಾಯಾಪ್ರತಿಗಳಾಗಿ ಇಡಿ ಇಡಿಯಾಗಿ ಒಳಸೇರಿದುವು. ಚಳ್ಳಕೆರೆಯಲ್ಲಿಯೋ ಮೊಳಕಾಲ್ಮೂರಿನಲ್ಲಿಯೋ ರೈತನು ಕಿಟಕಿಯ ಮುಂದೆ ನಿಂತು ಪಡೆಯುವ ಮುದ್ರಿತ ಪಹಣಿಯು ಹಳೆಯ ಪುಸ್ತಕದಿಂದ ಹರಿದ ಹಾಳೆಯಲ್ಲ. ಹತ್ತಾರು ಸಾಲುಗಳಿಂದ ಆ ಕ್ಷಣಕ್ಕೆ ಪುನಃಸ್ಥಾಪಿತವಾದ ವಸ್ತು. ಸಾಲ ಪಡೆಯಲು, ಪಾಲು ಮಾಡಿಕೊಳ್ಳಲು, ನ್ಯಾಯಾಲಯದಲ್ಲಿ ನಿಲ್ಲಲು ಅವನಿಗೆ ಅದೇ ಆಧಾರ. ಹೀಗಿರುವಲ್ಲಿ ಪುನಃಸ್ಥಾಪನೆಯು ಸರಿಯಾಗಿ ನಡೆಯುವುದೋ ಇಲ್ಲವೋ ಎಂಬುದು ಕೇವಲ ತಂತ್ರಜ್ಞರ ಚರ್ಚೆಯೆನಿಸದು.

ಈಗ ಬ್ರಹ್ಮಗಿರಿಗೆ ಬರೋಣ. ಊರವರು 'ಅಕ್ಷರಗುಂಡು' ಎಂದು ಕರೆಯುತ್ತಿದ್ದ ಬಂಡೆ ಇದು. ಓದಲಾರದಿದ್ದರೂ ಅದು ಅಕ್ಷರವೆಂಬುದನ್ನು ಅವರು ಅರಿತಿದ್ದರೆಂಬುದು ಹೆಸರಿನಿಂದಲೇ ಸ್ಪಷ್ಟ. ಬ್ರಹ್ಮಗಿರಿ ಮತ್ತು ಸಿದ್ದಾಪುರದ ಪ್ರತಿಗಳ ಆರಂಭದಲ್ಲಿ ಒಂದು ವಿಶೇಷವುಂಟು. ಸುವರ್ಣಗಿರಿಯಿಂದ ಆರ್ಯಪುತ್ರನ ಮತ್ತು ಮಹಾಮಾತ್ರರ ಮಾತಿನ ಮೇರೆಗೆ ಇಸಿಲದ ಮಹಾಮಾತ್ರರಿಗೆ ಆರೋಗ್ಯವನ್ನು ಹಾರೈಸತಕ್ಕದ್ದೆಂದೂ ಮುಂದಿನದನ್ನು ತಿಳಿಸತಕ್ಕದ್ದೆಂದೂ ಅಲ್ಲಿ ಇದೆ. ಇದರ ಬಳಿಕವೇ ದೇವಾನಾಂಪ್ರಿಯನ ಆಜ್ಞೆ ಮೊದಲಾಗುತ್ತದೆ. ರೂಪನಾಥ, ಸಹಸ್ರಾಮ, ಬೈರಾಟಗಳ ಉತ್ತರದ ಪ್ರತಿಗಳಲ್ಲಿ ಈ ಪೀಠಿಕೆಯಿಲ್ಲ. ಎಂದರೆ, ಮೂಲ ಆಜ್ಞೆಗೆ ಸುವರ್ಣಗಿರಿಯ ಕಚೇರಿಯವರು ಒಂದು ಹೊದಿಕೆಪತ್ರವನ್ನು ಸೇರಿಸಿದರು. ಇಸಿಲದವರು ಹೊದಿಕೆಯನ್ನೂ ಒಳಗಿನ ಪತ್ರವನ್ನೂ ಬೇರ್ಪಡಿಸದೆ ಬಂಡೆಗೇರಿಸಿದರು. ಕಂಡರಿಸಿದವರ ಅಜಾಗರೂಕತೆಯೆಂದು ಇದನ್ನು ನೋಡಿ ನಗುವವರಿದ್ದಾರೆ. ನಮಗಾದರೋ ಇದು ಮಹೋಪಕಾರವಾಗಿ ತೋರುತ್ತದೆ. ಆಜ್ಞೆಯು ಯಾರಿಂದ ಯಾರಿಗೆ ಯಾವ ಅಧಿಕಾರಪರಂಪರೆಯಲ್ಲಿ ಇಳಿದು ಬಂದಿತೆಂಬುದು ತಿಳಿಯುವುದೂ, ದಕ್ಷಿಣದಲ್ಲಿ ಸುವರ್ಣಗಿರಿಯೆಂಬ ರಾಜಪುತ್ರನ ಪೀಠವೊಂದಿತ್ತೆಂಬುದು ಹೊರಬೀಳುವುದೂ ಈ ಹೊದಿಕೆಯಿಂದಲೇ. ಜಾವಾ ಭಾಷೆಯು ಸಾಲುಗಟ್ಟುವಾಗಲೂ ಇಂಥ ಹೊದಿಕೆಯನ್ನು ತಪ್ಪದೆ ಬರೆಯುತ್ತದೆ. ಸಾಲಿನ ಮೊದಲ ಎರಡು ಬೈಟುಗಳು ಎಂದಿಗೂ ಒಂದೇ. ಷೋಡಶಮಾನದಲ್ಲಿ ಅವು 'ಎಸಿ ಇಡಿ'. ಇದು ಸಾಲುಗಟ್ಟಿದ ವಸ್ತು ಎಂಬುದಕ್ಕೆ ಅದೇ ಮುದ್ರೆ. ಅನಂತರ ಆವೃತ್ತಿಯ ಅಂಕೆ, ವರ್ಗದ ಹೆಸರು, ವರ್ಗದ 64 ಬಿಟ್ಟುಗಳ ಗುರುತುಸಂಖ್ಯೆ, ಅಂಶಗಳ ಹೆಸರು ಮತ್ತು ಜಾತಿ. ಇಷ್ಟಾದ ಮೇಲೆ ಬೆಲೆಗಳು.

ಬೆಲೆಯು ಉಳಿದು ಅದರ ಜಾತಿ ಅಳಿದರೆ ಏನಾಗುವುದೆಂಬುದಕ್ಕೂ ಈ ಶಾಸನದಲ್ಲೇ ಅತ್ಯುತ್ತಮವಾದ ನಿದರ್ಶನವಿದೆ. ಆಜ್ಞೆಯ ಕೊನೆಯಲ್ಲಿ 256 ಎಂಬ ಸಂಖ್ಯೆ ಬರುತ್ತದೆ. 200, 50, 6 ಎಂಬ ಬ್ರಾಹ್ಮೀ ಅಂಕಗಳು ಅಲ್ಲಿ ಸ್ಪಷ್ಟವಾಗಿಯೇ ಇವೆ. ಆದರೆ 256 ಏನು? ಬುದ್ಧನ ಪರಿನಿರ್ವಾಣದಿಂದ ಎಣಿಸಿದ ವರ್ಷಗಳೆಂದು ಬ್ಯೂಲರ್ ಅವರು ಹೇಳಿದರು. ಆ ಎಣಿಕೆಯ ಮೇಲೆ ಕಾಲಗಣನೆಯ ವಾದಗಳೇ ಎದ್ದುವು. ಹೊರಟ ಧರ್ಮದೂತರ ಸಂಖ್ಯೆಯೆಂದು ಸೆನಾರ್ ಅವರು ಬಗೆದರು. ಸಹಸ್ರಾಮದ ಪ್ರತಿಯಲ್ಲಿ ಸಂಖ್ಯೆಯ ಜೊತೆಗೆ ರಾತ್ರಿಯೆಂಬ ಅರ್ಥದ ಪದವೂ ಇದೆಯೆಂಬುದನ್ನು ಎಫ್. ಡಬ್ಲ್ಯೂ. ಥಾಮಸ್ ಅವರು ಗುರುತಿಸಿದ ಬಳಿಕ, ಅರಸನು ಸಂಚಾರದಲ್ಲಿ ಕಳೆದ 256 ರಾತ್ರಿಗಳೆಂಬ ಅಭಿಪ್ರಾಯವು ಬಲಗೊಂಡಿತು. ಅಂಕೆಯಲ್ಲಿ ಒಂದು ರೇಖೆಯೂ ಮಾಸಿರಲಿಲ್ಲ. ಕಳೆದುಹೋಗಿದ್ದುದು ಅದರ ಜಾತಿ ಮಾತ್ರ. ಅದನ್ನು ತಂದುಕೊಟ್ಟುದು ನೂರಾರು ಹರದಾರಿ ದೂರದ ಬಿಹಾರದ ಇನ್ನೊಂದು ಪ್ರತಿ. ದತ್ತಾಂಶವನ್ನು ಕಾಪಾಡಿದರೆ ಸಾಕು, ಉಳಿದುದು ತಾನಾಗಿ ತಿಳಿಯುತ್ತದೆಂದು ಹೇಳುವವರು ಈ 256ನ್ನು ಕುರಿತು ಯೋಚಿಸಬೇಕು. ಎಂಟು ಬಿಟ್ಟುಗಳ ಒಂದು ಬೈಟಿನಲ್ಲಿ ಇಡಬಹುದಾದ ಬೆಲೆಗಳೂ 256 ಎಂಬುದು ಕೇವಲ ಕಾಕತಾಳೀಯ. ನಮ್ಮ ವಿದ್ಯಾರ್ಥಿಗಳಲ್ಲಿ ಯಾರಾದರೂ ಅದರಿಂದ ಸಿದ್ಧಾಂತ ಹುಟ್ಟಿಸುವ ಮುನ್ನವೇ ಇದನ್ನು ಹೇಳಿಬಿಡುವುದು ಕ್ಷೇಮ.

ಶಾಸನದ 'ದೇವಾನಾಂಪ್ರಿಯ' ಎಂಬ ಪದವು ಹೆಸರಲ್ಲ, ಬಿರುದು. ಕ್ರಮಲೇಖಕನ ಮಾತಿನಲ್ಲಿ ಹೇಳುವುದಾದರೆ, ಅದು ಇನ್ನೊಂದು ವಸ್ತುವಿನ ಕಡೆಗೆ ಚಾಚಿದ ಬೆರಳು. ಬೆರಳು ತೋರುವ ವಸ್ತು ಸಾಲಿನೊಳಗೆ ಇಲ್ಲದಿದ್ದರೆ ಅದನ್ನು ಹೊರಗಿನಿಂದ ಹುಡುಕಿ ತರಬೇಕು. ಸಿಂಹಳದ ಪಾಲಿ ವೃತ್ತಾಂತಗಳ ಸಹಾಯದಿಂದ 1837ರಲ್ಲಿ ಜಾರ್ಜ್ ಟರ್ನರ್ ಅವರು ಪ್ರಿಯದರ್ಶಿಯೆಂದರೆ ಅಶೋಕನೇ ಎಂದು ತೋರಿಸಿದರು. ಶಿಲೆಯ ಮೇಲೆಯೇ ಬಿರುದೂ ಹೆಸರೂ ಒಟ್ಟಿಗೆ ದೊರೆತುದು 1915ರಲ್ಲಿ, ರಾಯಚೂರು ಸೀಮೆಯ ಮಸ್ಕಿಯಲ್ಲಿ. ಆಮೇಲೆ ಬಳ್ಳಾರಿ ಸೀಮೆಯ ನಿಟ್ಟೂರಿನಲ್ಲಿಯೂ ಹೆಸರು ಕಂಡಿತು. ಬ್ರಹ್ಮಗಿರಿಯ ಸಾಲಿನ ಪುನಃಸ್ಥಾಪನೆಯು ಪೂರ್ಣವಾಗಲು ಮಸ್ಕಿಯ ಸಾಲು ಬೇಕಾಯಿತೆಂದರೆ ತಪ್ಪಾಗದು. ಮೊಳಕಾಲ್ಮೂರು ತಾಲ್ಲೂಕಿನ ಮೂರು ಪ್ರತಿಗಳನ್ನು ಒಂದು ವಸ್ತುವೆನ್ನೋಣವೇ, ಮೂರೆನ್ನೋಣವೇ ಎಂಬ ತೊಡಕೂ ಇದರ ಜೊತೆಗೇ ಬರುತ್ತದೆ. ಆಜ್ಞೆಯಾಗಿ ಒಂದು, ಶಾಸನವಾಗಿ ಮೂರು. ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ರೈಸ್ ಅವರು ತಾಲ್ಲೂಕಿನ ಹೆಸರಿನ ಕೆಳಗೆ ಶಾಸನಕ್ಕೊಂದು ಸಂಖ್ಯೆಯಂತೆ ಕೊಟ್ಟು ಈ ತೊಡಕನ್ನು ನಿವಾರಿಸಿದರು. ಗಣಕದಲ್ಲಿಯೂ ಹಾಗೆಯೇ: ಒಬ್ಬನೇ ಖಾತೆದಾರನನ್ನು ಎರಡು ಹಿಡುವಳಿಗಳು ತೋರಿಸುತ್ತಿದ್ದರೆ, ಅವನನ್ನು ಮೊದಲ ಸಲ ಪೂರ್ತಿಯಾಗಿ ಬರೆದು ಎರಡನೆಯ ಸಲ ಅವನ ಕ್ರಮಸಂಖ್ಯೆಯನ್ನು ಮಾತ್ರ ಬರೆಯುತ್ತಾರೆ. ಒಂದೇ ಸಾಲಿನಲ್ಲಿ ಬರೆದಾಗ ಇದು ಸರಿಹೋಗುತ್ತದೆ. ಎರಡು ಹಿಡುವಳಿಗಳನ್ನು ಬೇರೆ ಬೇರೆ ಗಂಟುಗಳಾಗಿ ಕಟ್ಟಿ ದತ್ತಸಂಚಯದಲ್ಲಿ ಇಟ್ಟರೆ ಮಾತ್ರ, ಮರಳಿ ಎಬ್ಬಿಸುವಾಗ ಒಬ್ಬ ಖಾತೆದಾರನ ಜಾಗದಲ್ಲಿ ಇಬ್ಬರು ಎದ್ದು ನಿಲ್ಲುತ್ತಾರೆ. ಒಬ್ಬನ ವಿಳಾಸ ತಿದ್ದಿದರೆ ಇನ್ನೊಬ್ಬನದು ಹಳೆಯದಾಗಿಯೇ ಉಳಿಯುತ್ತದೆ. ಕಚೇರಿಗಳ ದಾಖಲೆಗಳಲ್ಲಿ ಹೊಂದಾಣಿಕೆ ತಪ್ಪುವುದಕ್ಕೆ ಇದೊಂದು ದೊಡ್ಡ ಕಾರಣ.

ವರ್ಗವೇ ಕಳೆದುಹೋದಾಗಿನ ಸ್ಥಿತಿಗೆ ಫಿರೋಜ್ ಷಾ ತುಘಲಕನ ಪ್ರಸಂಗವೇ ಸಾಕ್ಷಿ. 14ನೆಯ ಶತಮಾನದಲ್ಲಿ ಅವನು ತೋಪ್ರಾ ಮತ್ತು ಮೇರಠಗಳಿಂದ ಅಶೋಕನ ಎರಡು ಸ್ತಂಭಗಳನ್ನು ದೆಹಲಿಗೆ ಸಾಗಿಸಿದನು. ತೋಪ್ರಾದ ಸ್ತಂಭವನ್ನು ಜೊಂಡು, ಹಸಿತೊಗಲುಗಳಲ್ಲಿ ಸುತ್ತಿ ಧಕ್ಕೆಯಾಗದಂತೆ ತಂದುದನ್ನು ಆ ಕಾಲದ ಇತಿಹಾಸಕಾರ ಶಮ್ಸ್-ಇ-ಸಿರಾಜ್ ಅಫೀಫನು ವಿವರಿಸಿದ್ದಾನೆ. ಓದಲು ಕರೆಸಿದ ಪಂಡಿತರಲ್ಲಿ ಒಬ್ಬರಿಗೂ ಲಿಪಿ ತಿಳಿಯಲಿಲ್ಲ. ಸಂಗ್ರಹ ಅಕ್ಷತ, ಪುನಃಸ್ಥಾಪನೆ ಶೂನ್ಯ. ಪ್ರಿನ್ಸೆಪ್ ಅವರು 1837ರಲ್ಲಿ ಬ್ರಾಹ್ಮೀ ಲಿಪಿಯನ್ನು ಭೇದಿಸುವ ತನಕ ಅದು ಹಾಗೆಯೇ ಇತ್ತು. ಬ್ರಹ್ಮಗಿರಿಯ ಶಾಸನವು 1892ರಲ್ಲಿ ದೊರೆತೊಡನೆಯೇ ಓದಲ್ಪಟ್ಟುದು ಆ ಐವತ್ತೈದು ವರ್ಷಗಳ ಪೂರ್ವಸಿದ್ಧತೆಯ ಫಲ.

ಲಿಪಿ ಗೊತ್ತಿದ್ದರೂ ಓದುವ ದಿಕ್ಕು ಗೊತ್ತಿರಬೇಕು. ನಮ್ಮ ಮೂರು ಶಾಸನಗಳ ಕೊನೆಯಲ್ಲಿ ಇದನ್ನು ಬರೆದವನು ಚಪಡನೆಂಬ ಲಿಪಿಕಾರನೆಂದು ಇದೆ. ಶಾಸನವೆಲ್ಲ ಎಡದಿಂದ ಬಲಕ್ಕೆ ಸಾಗುವ ಬ್ರಾಹ್ಮಿಯಲ್ಲಿದ್ದರೆ, ಲಿಪಿಕಾರನಿಂದ ಎಂಬರ್ಥದ ಆ ಒಂದು ಪದ ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿದೆ. ವಾಯವ್ಯ ಗಾಂಧಾರದ ಲಿಪಿ ಚಿಕ್ಕ ಹಗರಿಯ ದಂಡೆಯ ಸೀಮೆಯಲ್ಲಿ! ಅವನು ಆ ಕಡೆಯವನಾಗಿದ್ದನೋ, ಅಥವಾ ಎರಡು ಲಿಪಿ ಬಲ್ಲೆನೆಂಬ ಹೆಮ್ಮೆಯಿಂದ ಹಾಗೆ ಬರೆದನೋ ಎಂದು ವಿದ್ವಾಂಸರು ಊಹಿಸಿದ್ದಾರೆ. ಕರ್ನೂಲು ಜಿಲ್ಲೆಯ ಎರ್ರಗುಡಿಯ ಶಾಸನದಲ್ಲಂತೂ ಕೆಲವು ಸಾಲುಗಳು ಎಡದಿಂದ ಬಲಕ್ಕೂ ಕೆಲವು ಬಲದಿಂದ ಎಡಕ್ಕೂ, ನೇಗಿಲಸಾಲಿನಂತೆ, ಹರಿಯುತ್ತವೆ. ಅದನ್ನು ಒಂದೇ ದಿಕ್ಕಿನಲ್ಲಿ ಓದಲು ಹೊರಟವನಿಗೆ ಅರ್ಥ ದಕ್ಕದು.

ಇದು ಹಳೆಯ ಕಾಲದ ತೊಂದರೆಯೆಂದು ತಿಳಿಯುವಂತಿಲ್ಲ. ಕನ್ನಡವನ್ನು ಗಣಕದಲ್ಲಿ ಬರೆಯತೊಡಗಿದ ಮೊದಲ ದಶಕಗಳಲ್ಲಿ ಇದೇ ತೊಂದರೆ ನಮ್ಮ ಮನೆಯಂಗಳಕ್ಕೇ ಬಂದಿತ್ತು. 1991ರಲ್ಲಿ ಭಾರತೀಯ ಮಾನಕ ಸಂಸ್ಥೆಯು ಇಸ್ಕೀ ಎಂಬ ಸಂಕೇತಕ್ರಮವನ್ನು ಪ್ರಕಟಿಸಿತು. ಆದರೂ ಮುದ್ರಣದ ಅನುಕೂಲಕ್ಕಾಗಿ ಒಂದೊಂದು ತಂತ್ರಾಂಶವೂ ತನ್ನ ಅಕ್ಷರರೂಪಗಳಿಗೆ ತನ್ನದೇ ಸಂಖ್ಯೆಗಳನ್ನು ಕೊಟ್ಟುಕೊಂಡಿತು. ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದ ಮೇಲೆ ಸರ್ಕಾರಿ ಬಳಕೆಯಲ್ಲಿ ಒಂದು ಏಕರೂಪತೆ ಉಂಟಾಯಿತಾದರೂ, ಅದರ ಹಳೆಯ ಸಂಕೇತಗಳು ಅಕ್ಷರದ ಆಕಾರಕ್ಕೆ ಸಂಬಂಧಿಸಿದುವೇ ಹೊರತು ಅಕ್ಷರಕ್ಕಲ್ಲ. 'ಸೂರ್ಯ' ಎಂಬ ಪದವನ್ನು ನೋಡಿ. ಉಚ್ಚಾರದಲ್ಲಿ ರಕಾರ ಮೊದಲು, ಯಕಾರ ಅನಂತರ. ಬರೆಹದಲ್ಲಿಯಾದರೆ ಯಕಾರ ಮೊದಲು ಬಂದು ಅರ್ಕಾವೊತ್ತು ಅದರ ಹಿಂದೆ ನಿಲ್ಲುತ್ತದೆ. ಆಕಾರವನ್ನು ಅನುಸರಿಸಿದ ಹಳೆಯ ಸಂಕೇತದಲ್ಲಿ ಬರೆಹದ ಕ್ರಮ. ಉಚ್ಚಾರವನ್ನು ಅನುಸರಿಸುವ ಯೂನಿಕೋಡಿನಲ್ಲಿ ರಕಾರವೇ ಮೊದಲು. ಆದಕಾರಣ ಹಳೆಯ ಕಡತವೊಂದನ್ನು ಯೂನಿಕೋಡಿಗೆ ತರುವವನು ಸಂಖ್ಯೆಗೆ ಸಂಖ್ಯೆಯನ್ನು ಬದಲಿಸಿದರೆ ಸಾಲದು. ಎಲ್ಲೆಲ್ಲಿ ಹಿಂದುಮುಂದು ಮಾಡಬೇಕೆಂಬುದನ್ನೂ ಅರಿತಿರಬೇಕು. ಯಾವ ಫಾಂಟಿನಲ್ಲಿ ಬರೆದುದೆಂಬ ಹೊದಿಕೆಯೇ ಕಳೆದುಹೋದ ಕಡತವನ್ನು ತೆರೆದರೆ ಕಾಣುವುದು ಲ್ಯಾಟಿನ್ ಅಕ್ಷರಗಳ ಗೊಂದಲ. ಕಡತವೇನೋ ಕೆಟ್ಟಿರುವುದಿಲ್ಲ, ಒಂದು ಬಿಟ್ಟೂ ಬದಲಾಗಿರುವುದಿಲ್ಲ. ದೆಹಲಿಯ ಸ್ತಂಭದಂತೆ ಸುಭದ್ರವಾಗಿಯೇ ಇರುತ್ತದೆ. 1990ರ ದಶಕದ ಸಂಶೋಧನ ಪ್ರಬಂಧಗಳು, ಶಾಸನಪಾಠಗಳು, ಕ್ಷೇತ್ರಕಾರ್ಯದ ಟಿಪ್ಪಣಿಗಳು ಇಂಥ ಕಡತಗಳಲ್ಲಿ ಇರುವ ಅಧ್ಯಾಪಕರು, ಆ ಫಾಂಟನ್ನು ಬಲ್ಲ ಯಂತ್ರ ಇನ್ನೂ ಕೈಯಲ್ಲಿರುವಾಗಲೇ ಅವುಗಳನ್ನು ಪರಿವರ್ತಿಸಿಕೊಳ್ಳಬೇಕೆಂದು ನಾವು ಒತ್ತಿ ಹೇಳುತ್ತೇವೆ.

ಮೊಳಕಾಲ್ಮೂರಿನ ರೇಷ್ಮೆಸೀರೆಯ ಮಗ್ಗವನ್ನೂ ಇಲ್ಲಿ ಸ್ಮರಿಸುವುದು ಅಪ್ರಸ್ತುತವಲ್ಲ. 1804ರಲ್ಲಿ ಫ್ರಾನ್ಸಿನ ಜಕಾರ್ಡ್ ನಿರ್ಮಿಸಿದ ಯಂತ್ರವು ಚಿತ್ತಾರವನ್ನು ರಂಧ್ರಗಳುಳ್ಳ ರಟ್ಟುಗಳ ಸರಮಾಲೆಯಾಗಿ ಉಳಿಸುತ್ತದೆ. ನೆಯ್ಗೆಯ ಹೊತ್ತಿನಲ್ಲಿ ರಟ್ಟೊಂದರಂತೆ ಸಾಗುತ್ತ, ರಂಧ್ರವಿರುವೆಡೆ ಹಾಸಿನ ಎಳೆ ಎದ್ದು, ಇಲ್ಲದೆಡೆ ತಗ್ಗಿ ಬಟ್ಟೆಯಲ್ಲಿ ನವಿಲು ಮೂಡುತ್ತದೆ. ರಟ್ಟಿನಲ್ಲಿ ನವಿಲಿಲ್ಲ, ರಟ್ಟು ಮತ್ತು ಮಗ್ಗಗಳ ಕೂಟದಲ್ಲಿ ನವಿಲಿದೆ. ಕೊಕ್ಕೆಗಳ ಸಂಖ್ಯೆ ಬೇರೆಯಾದ ಮಗ್ಗಕ್ಕೆ ಅದೇ ರಟ್ಟುಗಳನ್ನು ಏರಿಸಿದರೆ ಏನೂ ಮೂಡದು. ಹಾಲರಿತ್ ಅವರು 1890ರ ಅಮೆರಿಕದ ಜನಗಣತಿಗೆ ರಂಧ್ರಪತ್ರಗಳನ್ನು ಬಳಸಿದಾಗ ಇದೇ ತತ್ತ್ವವು ನೆಯ್ಗೆಯಿಂದ ಕಚೇರಿಗೆ ಬಂದಿತು.

ಮಗ್ಗ ಬದಲಾದಂತೆ ವರ್ಗವೂ ಬದಲಾಗುತ್ತದೆ. ಹಿಡುವಳಿಯ ವರ್ಗಕ್ಕೆ ಕ್ರಮಲೇಖಕನು ಈ ವರ್ಷ ಒಂದು ಹೊಸ ಅಂಶವನ್ನು ಸೇರಿಸಿದನೆನ್ನೋಣ. ಹೋದ ವರ್ಷ ಸಾಲುಗಟ್ಟಿಟ್ಟ ಲಕ್ಷಾಂತರ ವಸ್ತುಗಳಲ್ಲಿ ಆ ಅಂಶವಿಲ್ಲ. ಗುರುತುಸಂಖ್ಯೆಯನ್ನು ಅವನು ಸ್ವತಃ ಗೊತ್ತುಪಡಿಸಿರದಿದ್ದರೆ ಜಾವಾ ಅದನ್ನು ವರ್ಗದ ರಚನೆಯಿಂದ ಲೆಕ್ಕಹಾಕುತ್ತದೆ. ರಚನೆ ಬದಲಾದುದರಿಂದ ಸಂಖ್ಯೆಯೂ ಬದಲಾಗಿ, ಹಳೆಯ ವಸ್ತುಗಳಲ್ಲಿ ಒಂದೂ ಮೇಲೇಳದು. ಇದು ತೊಡಕಾದರೂ ಪ್ರಾಮಾಣಿಕವಾದ ತೊಡಕು; ತಿಳಿಯದೆಂದು ಯಂತ್ರವೇ ಒಪ್ಪಿಕೊಳ್ಳುತ್ತದೆ. ಸಂಖ್ಯೆಯನ್ನು ಸ್ಥಿರವಾಗಿ ಗೊತ್ತುಪಡಿಸಿದ್ದರೆ ವಸ್ತುಗಳು ಏಳುತ್ತವೆ. ಆಗ ಹೊಸ ಅಂಶದ ಜಾಗದಲ್ಲಿ ಯಂತ್ರವು, ಅದು ಸಂಖ್ಯೆಯಾಗಿದ್ದರೆ ಸೊನ್ನೆಯನ್ನೂ ಬೆರಳಾಗಿದ್ದರೆ ಶೂನ್ಯವನ್ನೂ ತುಂಬುತ್ತದೆ, ಸದ್ದಿಲ್ಲದೆ. ಈ ಮೌನಕ್ಕೆ ನಾವು ಮತ್ತೆ ಬರುತ್ತೇವೆ.

ಬರೆಯದೆ ಬಿಟ್ಟುದು ಪುನಃಸ್ಥಾಪನೆಯಲ್ಲಿ ಬಾರದು. ಜಾವಾ ಭಾಷೆಯಲ್ಲಿ ಕೆಲವು ಅಂಶಗಳನ್ನು ಟ್ರಾನ್ಸಿಯೆಂಟ್, ಎಂದರೆ ಕ್ಷಣಿಕವೆಂದು ಗುರುತು ಮಾಡಬಹುದು. ಅವು ಸಾಲಿನಲ್ಲಿ ಸೇರುವುದಿಲ್ಲ. ಯಾವುದು ಕ್ಷಣಿಕ, ಯಾವುದು ಶಾಶ್ವತ ಎಂಬ ನಿರ್ಣಯ ಮಾಡುವವನು ವರ್ಗವನ್ನು ಬರೆದವನು, ವಸ್ತುವಿನೊಡನೆ ಬಾಳುವವನಲ್ಲ. ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲುಗಳ ಚರಿತ್ರೆಯಲ್ಲಿ ಇದರ ತೀವ್ರವಾದ ರೂಪವನ್ನು ಕಾಣುತ್ತೇವೆ. ಮೈಸೂರು ಅರಸರ ಕಾಲದಿಂದ ದನಗಳ ಮೇವಿಗೆಂದು ಕಾದಿಟ್ಟ ಈ ಹುಲ್ಲುಗಾವಲುಗಳನ್ನು ಸುತ್ತಣ ಗ್ರಾಮಗಳವರು ಕುರಿ, ದನ ಮೇಯಿಸಲು ತಲೆಮಾರುಗಳಿಂದ ಬಳಸಿಕೊಂಡು ಬಂದಿದ್ದರು. ದಾಖಲೆಯ ಒಡೆತನದ ಅಂಕಣದಲ್ಲಿ ಇದ್ದುದು ಸರ್ಕಾರ. ಗ್ರಾಮಸ್ಥರ ನಿತ್ಯದ ಬಳಕೆಯು ಆ ಅಂಕಣದಲ್ಲಿ ಬರೆಯತಕ್ಕ ಸಂಗತಿಯೇ ಆಗಿರಲಿಲ್ಲ. 2007ರಿಂದ 2010ರವರೆಗಿನ ಅವಧಿಯಲ್ಲಿ ಕುದಾಪುರ, ವರವು ಕಾವಲು, ಉಳ್ಳಾರ್ತಿ ಕಾವಲುಗಳ ಸುಮಾರು 10,000 ಎಕರೆ ಭೂಮಿಯು ರಕ್ಷಣಾ ಸಂಶೋಧನ ಸಂಸ್ಥೆ, ಭಾಭಾ ಪರಮಾಣು ಸಂಶೋಧನ ಕೇಂದ್ರ, ಇಸ್ರೋ, ಭಾರತೀಯ ವಿಜ್ಞಾನ ಸಂಸ್ಥೆ ಮೊದಲಾದುವಕ್ಕೆ ಹಂಚಿಕೆಯಾಯಿತು. ವಿವಾದವು ಉಚ್ಚ ನ್ಯಾಯಾಲಯಕ್ಕೂ ಅನಂತರ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣಕ್ಕೂ ಹೋಯಿತು. ಆ ಸಂಸ್ಥೆಗಳ ಕಾರ್ಯದ ಮಹತ್ತ್ವವನ್ನು ನಾವು ಅಲ್ಲಗಳೆಯುವುದಿಲ್ಲ. 2023 ಮತ್ತು 2024ರಲ್ಲಿ ಇಸ್ರೋದ ಮರುಬಳಕೆಯ ಉಡಾವಣಾ ವಾಹನದ ಮಾದರಿಯು ಮೂರು ಸಲ ಇಳಿದುದು ಈ ಸೀಮೆಯ ವೈಮಾನಿಕ ಪರೀಕ್ಷಾ ನೆಲೆಯಲ್ಲಿಯೇ. ನಾವು ಹೇಳುವುದಿಷ್ಟೆ: ದಾಖಲೆಯಿಂದ ಎದ್ದು ನಿಂತ ಕಾವಲು ಸರ್ಕಾರದ ಬರಿಯ ಜಮೀನು, ನೆಲದ ಮೇಲಣ ಕಾವಲು ಅದಕ್ಕಿಂತ ತುಂಬಿದ ವಸ್ತು. ನಡುವಣ ವ್ಯತ್ಯಾಸವು ಸಾಲಿನಲ್ಲಿ ಬರೆಯದೆ ಬಿಟ್ಟುದರಿಂದ ಹುಟ್ಟಿತು. ಇತಿಹಾಸಕಾರನಾದವನು ಪಹಣಿಯನ್ನು ಆಕರವಾಗಿ ಬಳಸುವಾಗ ಅದರ ಅಂಕಣಗಳ ಪಟ್ಟಿಯನ್ನು ಮೊದಲು ಓದಬೇಕು, ಬೆಲೆಗಳನ್ನು ಆಮೇಲೆ.

ಸಾಲನ್ನು ನಂಬಬಹುದೇ ಎಂಬ ಪ್ರಶ್ನೆ ಬೇರೆ ಇದೆ. ಇಸಿಲದ ಮಹಾಮಾತ್ರರ ಕೈಗೆ ಪತ್ರ ತಲಪಿದೊಡನೆ ಅವರು ಅದನ್ನು ಬರಿದೆ ಓದಿ ಇಡಲಿಲ್ಲ, ನಡೆಸಿದರು, ಬಂಡೆಯನ್ನು ಕೆತ್ತಿಸಿದರು. ಪತ್ರವು ನಿಜವಾಗಿ ಸುವರ್ಣಗಿರಿಯದೇ ಎಂಬುದು ಹೊದಿಕೆಯಿಂದಲೋ ತಂದ ದೂತನಿಂದಲೋ ಅವರಿಗೆ ಖಚಿತವಾಗಿರಬೇಕು. ಪುನಃಸ್ಥಾಪನೆಯೂ ಹೀಗೆಯೇ ಬರಿಯ ಓದಲ್ಲ, ಕ್ರಿಯೆ. ಸಾಲು ಹೆಸರಿಸಿದ ವರ್ಗವನ್ನು ಯಂತ್ರವು ಕರೆತಂದು ಅದರ ಕೆಲವು ವಿಧಿಗಳನ್ನು ನಡೆಸುತ್ತದೆ. ಸಾಲನ್ನು ದುರುದ್ದೇಶದಿಂದ ಹೆಣೆದವನು ಯಂತ್ರದಿಂದ ತನ್ನ ಇಷ್ಟದ ಕೆಲಸವನ್ನೇ ಮಾಡಿಸಬಲ್ಲನು. ಬಹಳ ಜನ ಬಳಸುತ್ತಿದ್ದ ಕಾಮನ್ಸ್ ಕಲೆಕ್ಷನ್ಸ್ ಎಂಬ ಗ್ರಂಥಭಾಗದ ವರ್ಗಗಳನ್ನು ಸರಪಳಿಯಾಗಿ ಜೋಡಿಸಿ ಇದನ್ನು ಸಾಧಿಸಬಹುದೆಂದು 2015ರಲ್ಲಿ ಫ್ರೋಹಾಫ್ ಮತ್ತು ಲಾರೆನ್ಸ್ ಎಂಬ ಇಬ್ಬರು ಸಂಶೋಧಕರು ತೋರಿಸಿದರು. 2017ರ ಜಾವಾ 9ರಲ್ಲಿ, ಯಾವ ವರ್ಗಗಳನ್ನು ಒಳಬಿಡಬೇಕೆಂದು ಮುಂಚೆಯೇ ಗೊತ್ತುಪಡಿಸುವ ಜರಡಿಯನ್ನು ಸೇರಿಸಲಾಯಿತು. 1997ರಲ್ಲಿ ಈ ಸೌಕರ್ಯವನ್ನು ಸೇರಿಸಿದುದೇ ಒಂದು ಘೋರ ಪ್ರಮಾದವೆಂಬ ಅರ್ಥದಲ್ಲಿ ಜಾವಾದ ಮುಖ್ಯ ಶಿಲ್ಪಿ ಮಾರ್ಕ್ ರೈನ್‌ಹೋಲ್ಡ್ ಅವರು 2018ರಲ್ಲಿ ನುಡಿದರು. ಕೂಟಶಾಸನಗಳನ್ನು, ಎಂದರೆ ನಕಲಿ ತಾಮ್ರಪಟಗಳನ್ನು, ಪರೀಕ್ಷಿಸಿ ಬಲ್ಲ ನಮ್ಮ ವಿಭಾಗಗಳವರಿಗೆ ಇದರಲ್ಲಿ ಆಶ್ಚರ್ಯವೇನೂ ತೋರಲಾರದು.

ಸಾದೃಶ್ಯವನ್ನು ಮಿತಿಮೀರಿ ಎಳೆಯಬಾರದೆಂಬುದನ್ನು ನಾವು ಬಲ್ಲೆವು. ಶಾಸನವು ಮನುಷ್ಯನು ಮನುಷ್ಯನಿಗೆ ಬರೆದುದು. ಓದುವವನು ಸಂದೇಹಪಡಬಲ್ಲನು, ಊಹಿಸಬಲ್ಲನು. ಯಂತ್ರಕ್ಕೆ ಆ ಸ್ವಾತಂತ್ರ್ಯವಿಲ್ಲ. ಮೇಲೆ ಸೂಚಿಸಿದ ಮೌನದ ವಿಷಯದಲ್ಲಿ ಈ ಅಂತರವು ಎದ್ದುಕಾಣುತ್ತದೆ. ಶಾಸನ ಸಂಪಾದಕನು ಅಳಿದ ಅಕ್ಷರವನ್ನು ಬೇರೊಂದು ಪ್ರತಿಯಿಂದ ತುಂಬುವಾಗ ಅದನ್ನು ಕಂಸದಲ್ಲಿ ಇಡುತ್ತಾನೆ. ಕಲ್ಲಿನಲ್ಲಿ ಓದಿದುದು ಇಷ್ಟು, ತಾನು ಕೂಡಿಸಿದುದು ಇಷ್ಟು ಎಂಬುದು ಮುಂದಿನವರಿಗೆ ತಿಳಿದಿರಲೆಂದು. ಗಣಕವು ತುಂಬುವ ಸೊನ್ನೆಗೆ ಕಂಸವಿಲ್ಲ. ಋಣಭಾರದ ಅಂಕಣದಲ್ಲಿ ಸೊನ್ನೆ ಕಂಡರೆ, ಸಾಲವಿಲ್ಲವೆಂದು ಯಾರೋ ಬರೆದುದೋ, ಆ ಅಂಶವು ಹಳೆಯ ಸಾಲಿನಲ್ಲಿ ಇರಲಿಲ್ಲವಾಗಿ ಯಂತ್ರವು ತುಂಬಿದುದೋ ಹೇಳಲು ಬಾರದು. ಬೇಕಾದರೆ ಕ್ರಮಲೇಖಕನು ಇದನ್ನು ತಡೆಯಬಲ್ಲನು: ವಸ್ತುವಿನ ಜೊತೆಗೆ ಅದು ಯಾವ ಆವೃತ್ತಿಯ ವರ್ಗದಿಂದ ಬರೆದುದೆಂಬ ಅಂಕೆಯನ್ನು ಪ್ರತ್ಯೇಕ ಅಂಕಣದಲ್ಲಿ ಇಡುವುದು, ಹಳೆಯ ವರ್ಗಗಳ ವಿವರಣೆಯನ್ನು ದತ್ತಸಂಚಯದಲ್ಲಿಯೇ ಉಳಿಸುವುದು, 'ತಿಳಿಯದು' ಎಂಬುದಕ್ಕೆ ಸೊನ್ನೆಗಿಂತ ಬೇರೆಯಾದ ಗುರುತನ್ನು ಗೊತ್ತುಪಡಿಸುವುದು. ವಿಶ್ವವಿದ್ಯಾನಿಲಯಗಳು ಶಾಸನಪಾಠಗಳ ದತ್ತಸಂಚಯಗಳನ್ನು ಕಟ್ಟುವಾಗ ಸಂಪಾದಕನ ಕಂಸಗಳನ್ನು ಪಠ್ಯದಿಂದ ಕಿತ್ತೆಸೆಯದೆ, ಅವಕ್ಕೇ ಒಂದು ಅಂಶವನ್ನು ವರ್ಗದಲ್ಲಿ ಒದಗಿಸುವುದು ಅಗತ್ಯ.

ಜಟಿಂಗ ರಾಮೇಶ್ವರದ ಪ್ರತಿಯಲ್ಲಿ ಈ ಕಂಸಗಳ ಬೆಲೆ ಪ್ರತ್ಯಕ್ಷವಾಗುತ್ತದೆ. ಅಲ್ಲಿಯ ಬಂಡೆಗೆ 'ಬಳೆಗಾರ ಗುಂಡು' ಎಂದು ಹೆಸರು; ಜಾತ್ರೆಯ ಕಾಲದಲ್ಲಿ ಬಳೆ ಮಾರುವವರು ಅದರ ಮೇಲೆ ಅಂಗಡಿ ಹೂಡುತ್ತಿದ್ದರೆಂದು ಆ ಹೆಸರಿಗೆ ಕಾರಣ ಹೇಳುತ್ತಾರೆ. ಮೂರರಲ್ಲಿ ಹೆಚ್ಚಾಗಿ ಸವೆದುದು ಅದೇ. ಬ್ರಹ್ಮಗಿರಿ, ಸಿದ್ದಾಪುರಗಳ ಪ್ರತಿಗಳು ಇಲ್ಲದಿದ್ದರೆ ಅದರ ಬಹುಭಾಗವನ್ನು ಓದುವುದೇ ಅಸಾಧ್ಯವಾಗುತ್ತಿದ್ದಿತು. 1925ರಲ್ಲಿ ಹುಲ್ಟ್‌ಶ್ ಅವರು ಅಶೋಕನ ಶಾಸನಗಳ ಸಂಪುಟವನ್ನು ಹೊರತಂದಾಗ ಮೂರರ ಪಾಠಗಳನ್ನೂ ಬೇರೆ ಬೇರೆಯಾಗಿಯೇ ಮುದ್ರಿಸಿದರು. ಮೂರನ್ನೂ ಬೆರೆಸಿ ಒಂದು ಅಖಂಡ ಪಾಠವನ್ನು ಮಾತ್ರ ಕೊಟ್ಟು, ಸವೆದ ಬಂಡೆಯನ್ನು ಕೈಬಿಡಲಿಲ್ಲ.